ಹವಳದ ಮರಿಗೆ ಒರಟು ಮನೆ

ಪೀಣ್ಯ ಎರಡನೇ ಹಂತದಲ್ಲಿರುವ ವೆಂಕಟರಮಣಪ್ಪನವರ ಸಿಮೆಂಟ್ ವರ್ಕ್ಸ್‌ನಲ್ಲಿ ಪಿಳ್ಳಮ್ಮನದು ಉಜ್ಜುವ ಕೆಲಸ. ಅಚ್ಚಿನಿಂದ ಬಿಚ್ಚಿದ್ದು ಕಾಂಪೌಂಡಿನ ಚಪ್ಪಡಿಯಾಗಲಿ, ಪಾರ್ಕಿನ ಬೆಂಚಾಗಲಿ, ಚರಂಡಿಯ ಮುಚ್ಚಳವೇ ಆಗಲಿ, ಅದರ ಮೈಮೇಲಿನ ತೂತು, ಗುಳಿಗಳಿಗೆಲ್ಲ ಸಿಮೆಂಟಿನ ತಿಳಿ ಮೆತ್ತಬೇಕು. ಒಣಗಿದ ಮೇಲೆ ಉಜ್ಜುವ ಕಲ್ಲು ಹಿಡಿದು ತಿಕ್ಕಿ ನಯ ಮಾಡಿ ಲಾರಿಗೆ ಬಿಡಬೇಕು. ಹತ್ತೊಂಬತ್ತು ವರ್ಷದಿಂದ ಅವಳು ಇದನ್ನೇ ಮಾಡುತ್ತಿದ್ದಾಳೆ. ಚರಂಡಿ ಮುಚ್ಚಳವನ್ನು ಯಾರಾದರೂ ಸವರಿ ನೋಡುತ್ತಾರೆಯೇ? ಯಾರೂ ಇಲ್ಲ. ಪಿಳ್ಳಮ್ಮ ನೋಡುತ್ತಿದ್ದಳು. ಸವರಿದ ಅಂಗೈ ಎಲ್ಲಾದರೂ ಒಂದು ಕಡೆ ತಡೆದರೂ ಅವಳಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಸಂಕ್ರಾಂತಿ ಮುಗಿದ ವಾರದಲ್ಲಿ ಆ ವಿಚಿತ್ರ ಆರ್ಡರು ಬಂತು. ಬೋರಲು ಹಾಕಿದ ಗುಡಾಣದಂಥ ನಲವತ್ತು ಸಿಮೆಂಟಿನ ಗೂಡುಗಳು. ಒಂದೊಂದೂ ಸೊಂಟದೆತ್ತರ, ಒಳಗೆ ಟೊಳ್ಳು, ಸುತ್ತಲೂ ಮೀನು ನುಗ್ಗುವಷ್ಟು ದೊಡ್ಡ ಕಿಂಡಿಗಳು.

"ತೂತುಕುಡಿ ಹತ್ರ ಸಮುದ್ರದಲ್ಲಿ ಮುಳುಗಿಸ್ತಾರಂತೆ ಕಣಮ್ಮ," ಎಂದರು ವೆಂಕಟರಮಣಪ್ಪ. "ಹವಳ ಬೆಳೆಸೋಕೆ."

"ಮುಳುಗ್ಸೋಕೆ ಇಷ್ಟು ಚೆಂದ ಯಾಕೆ ಯಜಮಾನ್ರೇ? ನಮ್ಮ ಮುಚ್ಚಳಗಳ್ನೇ ಎಸೆದ್ರೆ ಆಗಾಕಿಲ್ವಾ?" ಎಂದು ಪಿಳ್ಳಮ್ಮ ನಕ್ಕಳು.

ವೆಂಕಟರಮಣಪ್ಪನವರಿಗೂ ಅದರ ತಲೆಬುಡ ಗೊತ್ತಿರಲಿಲ್ಲ. ಆರ್ಡರು ಕೊಟ್ಟವಳು ಶೈಲಶ್ರೀ ಎಂಬ ಹುಡುಗಿ, ಸಮುದ್ರದ ಜೀವಗಳ ಬಗ್ಗೆ ಸಂಶೋಧನೆ ಮಾಡುವವಳು. ನಕ್ಷೆಯ ಜೊತೆ ಅವಳು ಒಂದು ಸೂಚನೆ ಕಳಿಸಿದ್ದಳು: ಅಚ್ಚಿನ ಒಳಮೈಗೆ ಸಕ್ಕರೆ ನೀರು ಬಳಿಯಿರಿ. ಸಕ್ಕರೆ ಬಿದ್ದರೆ ಸಿಮೆಂಟು ಗಟ್ಟಿಯಾಗುವುದಿಲ್ಲ ಎಂಬುದು ಗಾರೆ ಕೆಲಸದ ಎಳೆ ಮಕ್ಕಳಿಗೂ ಗೊತ್ತು. ಯಜಮಾನರು ಫೋನ್ ಮಾಡಿ "ಯಾಕಮ್ಮಾ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮೂವತ್ತು ವರ್ಷ ಸಿಮೆಂಟಿನಲ್ಲಿ ಕೈಯಾಡಿಸಿದವರು ನಿನ್ನೆ ಮೊನ್ನೆಯ ಹುಡುಗಿಯನ್ನು ಕೇಳುವುದೇ? ಅಚ್ಚು ಸಲೀಸಾಗಿ ಬಿಡಲಿ ಅಂತ ಎಣ್ಣೆಯ ಬದಲು ಸಕ್ಕರೆ ಇರಬೇಕು, ಮೀನಿಗೆ ಎಣ್ಣೆ ಆಗದಲ್ಲ ಎಂದು ತಾವೇ ಒಂದು ಅರ್ಥ ಕಟ್ಟಿಕೊಂಡು ಬಳಿಸಿಬಿಟ್ಟರು.

ಅಚ್ಚು ಬಿಚ್ಚಿದಾಗ ಪಿಳ್ಳಮ್ಮನಿಗೆ ಎದೆ ಧಸಕ್ಕೆಂದಿತು. ಗೂಡಿನ ಹೊರಮೈಯೆಲ್ಲ ಉದುರಿ, ಜಲ್ಲಿಕಲ್ಲು ಹಲ್ಲು ಕಿಸಿಯುತ್ತಿತ್ತು. ಎಲ್ಲಿ ಮುಟ್ಟಿದರೂ ಗುಳಿ, ಎಲ್ಲಿ ಮುಟ್ಟಿದರೂ ಸಂದು. ಇಂಥದ್ದು ಈ ಗೇಟು ದಾಟಿದರೆ ಪಿಳ್ಳಮ್ಮ ಸತ್ತೇಹೋದಳು ಅಂದುಕೊಳ್ಳುತ್ತಾರೆ ಜನ. ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಅವಳಿಗೆ ಹೇಳಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಕೂತಳು. ಇದ್ದಬದ್ದ ಗುಳಿಗೆಲ್ಲ ತಿಳಿ ಮೆತ್ತಿದಳು, ಒಣಗಿಸಿದಳು, ಉಜ್ಜಿದಳು. ಭಾನುವಾರಗಳಲ್ಲೂ ಬಂದಳು. ಮೂರು ವಾರದಲ್ಲಿ ನಲವತ್ತೂ ಗೂಡುಗಳು ಬೋಳು ತಲೆಯಂತೆ ಮಿರಮಿರ ಮಿಂಚತೊಡಗಿದವು. ಕೊನೆಯದನ್ನು ಮುಗಿಸಿ ಅದರ ಮೇಲೆ ಕೈಯಾಡಿಸಿದಾಗ, ಇಷ್ಟು ಒಳ್ಳೆಯ ಕೆಲಸ ತಾನು ಜನ್ಮದಲ್ಲೇ ಮಾಡಿಲ್ಲ ಎನಿಸಿತು ಅವಳಿಗೆ. ಅದು ನಿಜವೂ ಆಗಿತ್ತು.

ಶೈಲಶ್ರೀ ನೋಡಲು ಬಂದಿದ್ದು ಮಾರ್ಚಿನ ಮೊದಲ ಸೋಮವಾರ. ಅಂಗಳದಲ್ಲಿ ಸಾಲಾಗಿ ನಿಂತ ಗೂಡುಗಳನ್ನು ಕಂಡು ಅವಳ ನಡಿಗೆ ನಿಧಾನವಾಯಿತು. ಒಂದನ್ನು ಸವರಿದಳು. ಇನ್ನೊಂದನ್ನು ಸವರಿದಳು. ಐದನೆಯದರ ಹೊತ್ತಿಗೆ ಅವಳ ಮುಖ ಬಾಡಿಹೋಗಿತ್ತು.

"ಇದನ್ನ ಯಾರು ಉಜ್ಜಿದ್ದು?"

ಶಭಾಷ್‌ಗಿರಿ ಸಿಗುತ್ತದೆಂದು ಪಿಳ್ಳಮ್ಮ ಮುಂದೆ ಬಂದಳು. "ನಾನೇ ಮೇಡಂ. ಅಚ್ಚು ಕೆಟ್ಟು ಎಲ್ಲಾ ಎಕ್ಕುಟ್ಟೋಗಿತ್ತು. ಈಗ ನೋಡಿ, ಇರುವೆ ಹತ್ತಿದ್ರೂ ಜಾರ್ತದೆ."

ಶೈಲಶ್ರೀ ಬೈಯಲಿಲ್ಲ. ಬೈದಿದ್ದರೆ ಪಿಳ್ಳಮ್ಮ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಹುಡುಗಿ ಅಲ್ಲೇ ಇದ್ದ ಇಟ್ಟಿಗೆ ರಾಶಿಯ ಮೇಲೆ ಕುಸಿದು ಕೂತು, "ಅಯ್ಯೋ ಅಮ್ಮ, ಅದು ಜಾರಬಾರದಿತ್ತು," ಎಂದಳು. ಅವಳ ಕಣ್ಣು ತುಂಬಿತ್ತು.

ಸಕ್ಕರೆ ನೀರು ಬಳಿಯಲು ಹೇಳಿದ್ದೇ ಮೇಲ್ಮೈ ಉದುರಿ ಒರಟಾಗಲಿ ಎಂದು. ವೆಂಕಟರಮಣಪ್ಪ ಬೇರೆಲ್ಲೋ ನೋಡತೊಡಗಿದರು. ಪಿಳ್ಳಮ್ಮನಿಗೆ ಮಾತ್ರ ಇನ್ನೂ ತಲೆಗೆ ಹತ್ತಲಿಲ್ಲ.

"ಹವಳ ಅಂದ್ರೆ ಕಲ್ಲಲ್ವಾ ಮೇಡಂ? ನಮ್ಮತ್ತೆ ಸರದಾಗೆ ಎಲ್ಡು ಐತೆ."

"ಅದು ಕಟ್ಟಿದ ಮನೆ ಕಲ್ಲು. ಕಟ್ಟೋದು ಒಂದು ಪುಟಾಣಿ ಜೀವ. ಮರಿ ಅಂತೂ ರಾಗಿ ಕಾಳಿಗಿಂತ ಚಿಕ್ಕದು. ನೀರಲ್ಲಿ ತೇಲ್ಕೊಂಡು ಜಾಗ ಹುಡುಕ್ತಾ ಬರುತ್ತೆ. ಒಂದ್ಸಲ ಕೂತ್ರೆ ಮುಗೀತು, ಮತ್ತೆ ಏಳಲ್ಲ. ಅಲ್ಲೇ ಸುಣ್ಣ ಕಟ್ಕೊಳ್ಳುತ್ತೆ. ಅದರ ಪಕ್ಕ ಇನ್ನೊಂದು, ಅದರ ಮೇಲೆ ಮತ್ತೊಂದು. ಹಂಗೇ ಸಾವಿರಾರು ವರ್ಷ ಕಟ್ಟಿ ಕಟ್ಟಿ ದಿಬ್ಬ ಆಗೋದು. ಸಮುದ್ರದ ಮೀನಲ್ಲಿ ಕಾಲು ಭಾಗಕ್ಕೆ ಒಂದಲ್ಲ ಒಂದು ಹೊತ್ತಲ್ಲಿ ಆ ದಿಬ್ಬಾನೇ ಆಸರೆ. ದೊಡ್ಡ ಅಲೆ ಬಂದ್ರೂ ಮೊದಲು ಅದಕ್ಕೆ ಹೊಡೆದು ಸುಸ್ತಾಗಿ, ಆಮೇಲೆ ದಡಕ್ಕೆ ಬರುತ್ತೆ. ದಿಬ್ಬ ಹೋದ್ರೆ ಅಲ್ಲಿಯೋರಿಗೆ ಮೀನೂ ಇಲ್ಲ, ಊರೂ ಉಳಿಯಲ್ಲ."

"ನುಣ್ಣಗಿದ್ರೆ ಕೂರಾಕಿಲ್ವಾ ಅದು?"

"ಅಲೆ ಎಳ್ಕೊಂಡು ಹೋಗುತ್ತೆ. ಹೆಂಗೋ ಅಂಟ್ಕೊಂಡ್ರೂ ಮೀನು ಕೆರೆದು ಹಾಕುತ್ತೆ. ಮರಿಗೆ ಬಚ್ಚಿಟ್ಕೊಳ್ಳೋಕೆ ಗುಳಿ ಬೇಕು ಅಮ್ಮ."

ಹೋದ ಬೇಸಿಗೆಯಲ್ಲಿ ಸಮುದ್ರದ ನೀರು ಕಾದು ಅಲ್ಲಿನ ಹವಳ ಬಹುಪಾಲು ಬಿಳಿಚಿಕೊಂಡು ಸತ್ತಿತ್ತು. ಉಳಿದ ಕೆಲವೇ ತಾಯಿ ಹವಳಗಳು ಯುಗಾದಿ ಕಳೆದ ಹುಣ್ಣಿಮೆಯ ಆಸುಪಾಸಿನಲ್ಲಿ, ವರ್ಷಕ್ಕೊಮ್ಮೆ, ಮೊಟ್ಟೆ ಬಿಡುತ್ತವೆ. ಅಷ್ಟರೊಳಗೆ ಗೂಡುಗಳು ಕೆಲವು ವಾರ ನೀರಿನಲ್ಲಿ ನೆನೆದು, ಮೈಮೇಲೆ ತೆಳುವಾದ ಪೊರೆ ಕಟ್ಟಿರಬೇಕು. ಹಾಗಾಗಿ ಲಾರಿ ಇನ್ನು ಒಂಬತ್ತು ದಿನಕ್ಕೆ ಹೊರಡಲೇಬೇಕು. ಹೊಸದಾಗಿ ಎರಕ ಹೊಯ್ದು ನೀರುಣಿಸಿ ಗಟ್ಟಿ ಮಾಡಲು ತಿಂಗಳು ಬೇಕು.

"ಬರೋ ವರ್ಷ ಹಾಕಿದ್ರಾಯ್ತು ಬಿಡಮ್ಮ," ಎಂದರು ವೆಂಕಟರಮಣಪ್ಪ, ಸಮಾಧಾನದ ದನಿಯಲ್ಲಿ.

"ಈ ಬೇಸಿಗೇನೂ ಹಂಗೇ ಕಾದ್ರೆ ಬರೋ ವರ್ಷಕ್ಕೆ ತಾಯಂದಿರೇ ಇರಲ್ಲ ಸಾರ್."

ಹೆರಿಗೆಗೆ ಬರುವ ಬಸುರಿಯ ಮುಖಕ್ಕೆ ಬಾಗಿಲು ಹಾಕಿದಂತಾಯಿತಲ್ಲ ತನ್ನ ಕೆಲಸ ಎಂದುಕೊಂಡಳು ಪಿಳ್ಳಮ್ಮ. ಅದೂ ಭಾನುವಾರ ಬಿಡದೆ, ಕೈಯಾರೆ.

ಆ ದಿನವೆಲ್ಲ ಅವರು ಮಾಡದ ಪ್ರಯತ್ನವಿಲ್ಲ. ಪಕ್ಕದ ಶೆಡ್ಡಿನಲ್ಲಿ ಮರಳು ಸಿಡಿಸುವ ಮಷೀನಿತ್ತು. ಕಬ್ಬಿಣದ ತುಕ್ಕು ಬಿಡಿಸಲು ಅದು ಶೂರ. ಗೂಡಿನ ಹೊಳಪು ಹೋಯಿತೇ ಹೊರತು ಒಂದು ಗುಳಿಯೂ ಬೀಳಲಿಲ್ಲ. ಆಸಿಡ್ ಹಾಕೋಣ ಎಂದ ಇನ್ನೊಬ್ಬ ಪುಣ್ಯಾತ್ಮ. ಅದು ಮೈಯಲ್ಲಿ ಉಳಿದರೆ ಮರಿಗೆ ವಿಷ ಎಂದು ಶೈಲಶ್ರೀ ಎರಡೂ ಕೈ ಅಡ್ಡ ಮಾಡಿದಳು. ಕೊನೆಗೆ ಕಾಂಕ್ರೀಟ್ ಒಡೆಯುವ ಕರೆಂಟಿನ ಸುತ್ತಿಗೆ ತಂದು ಒಂದು ಗೂಡಿಗೆ ಇಟ್ಟರು. ಅದು ಗುರ್ ಎಂದಿದ್ದೇ ತಡ, ಗೂಡು ನೆತ್ತಿಯಿಂದ ಬುಡದವರೆಗೆ ಸೀಳಿತು. ನಲವತ್ತರಲ್ಲಿ ಒಂದು ಹೋಯಿತು.

ಸಂಜೆ ಚಿಕ್ಕಬಾಣಾವರದ ಮನೆಗೆ ಬಂದ ಪಿಳ್ಳಮ್ಮ ಅಡಿಗೆಗೆ ನಿಂತಳು. ಅವಳ ಅತ್ತೆ ಶಿವಲಿಂಗಮ್ಮನಿಗೆ ಎಪ್ಪತ್ತೈದರ ಮೇಲಾಗಿದೆ, ಬಾಯಿ ಮಾತ್ರ ಇನ್ನೂ ಪ್ರಾಯದ್ದು. ಅವಳಿಗೆ ಮಿಕ್ಸಿಯ ಖಾರ ಸೇರದು. ಹಾಗಾಗಿ ದಿನವೂ ಹಿತ್ತಿಲ ಒಳಕಲ್ಲಿನಲ್ಲೇ ರುಬ್ಬಬೇಕು. ಪಿಳ್ಳಮ್ಮ ತೆಂಗಿನಕಾಯಿ, ಮೆಣಸಿನಕಾಯಿ ಹಾಕಿ ಗುಂಡುಕಲ್ಲು ತಿರುಗಿಸಿದಳು. ಎಷ್ಟು ತಿರುಗಿಸಿದರೂ ಖಾರ ಜಾರುತ್ತಿತ್ತು, ನುರಿಯುತ್ತಿರಲಿಲ್ಲ.

"ಕಲ್ಲು ನುಣ್ಣಗಾಗೈತೆ ಕಣೇ," ಎಂದು ಒಳಗಿನಿಂದ ಅತ್ತೆ ಕೂಗಿದಳು. "ನಿಂಗೆ ಏಳಿ ಏಳಿ ಸಾಕಾಯ್ತು. ಉಳಿ ತಕ್ಕೊಂಡು ಎರಡೇಟು ಹಾಕೋಕೆ ಏನ್ ರೋಗ?"

ಪಿಳ್ಳಮ್ಮನ ಕೈ ಅಲ್ಲೇ ನಿಂತಿತು.

ಮಿಕ್ಸಿ, ಗ್ರೈಂಡರುಗಳು ಬರುವ ಮುಂಚೆ ಅವರ ಮನೆಯ ಹೆಂಗಸರದು ಕಲ್ಲು ಕುಟ್ಟುವ ಕಸುಬು. ರುಬ್ಬಿ ರುಬ್ಬಿ ನುಣುಪಾದ ಒಳಕಲ್ಲು, ಬೀಸುಕಲ್ಲುಗಳಿಗೆ ಸಣ್ಣ ಉಳಿಯಿಂದ ಗುಳಿ ಹಾಕಿ ಮತ್ತೆ ಒರಟು ಮಾಡಿಕೊಡುವುದು. ಮದುವೆಯಾದ ಹೊಸದರಲ್ಲಿ ಪಿಳ್ಳಮ್ಮನೂ ಅತ್ತೆಯ ಹಿಂದೆ ಯಶವಂತಪುರ, ಮಲ್ಲೇಶ್ವರದ ಬೀದಿಗಳಲ್ಲಿ "ಒಳಕಲ್ಲು ಕುಟ್ತೀವಮ್ಮೋ" ಎಂದು ಕೂಗಿಕೊಂಡು ತಿರುಗಿದವಳೇ. ಕಲ್ಲು ಒಡೆಯಬಾರದು, ಗುಳಿ ಮಾತ್ರ ಬೀಳಬೇಕು; ಅಷ್ಟೇ ಆ ಕಸುಬಿನ ಗುಟ್ಟು. ಆ ಗುಟ್ಟು ಕೈಗೆ ಹತ್ತುವವರೆಗೆ ಅತ್ತೆ ಅವಳ ಬೆರಳ ಗಂಟಿಗೆ ಎಷ್ಟು ಸಲ ಕುಟ್ಟಿದ್ದಳೋ ಲೆಕ್ಕವಿಲ್ಲ. ಒರಟು ಮಾಡಲು ಕಲಿತ ಕೈಯೇ ಹೊಟ್ಟೆಪಾಡಿಗೆ ನಯ ಮಾಡಲು ಹೋಗಿ ಹತ್ತೊಂಬತ್ತು ವರ್ಷವಾಗಿತ್ತು.

ರಾತ್ರಿಯೇ ಅತ್ತೆಗೆ ನಡೆದದ್ದೆಲ್ಲ ಹೇಳಿದಳು. ಬೆಳಿಗ್ಗೆ ಅವಳು ಅಟ್ಟದಿಂದ ಉಳಿಗಳ ಗಂಟು ಇಳಿಸುತ್ತಿದ್ದಾಗ ಅತ್ತೆ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು.

"ನೀವೆಲ್ಲಿಗೆ?"

"ನಿನ್ ಕೈ ನಂಬಿ ಬಿಡೋಕಾಯ್ತದಾ? ಮೊದ್ಲೇ ಒಂದ್ ಕಿತ ಕೆಡ್ಸಿದೀಯ."

ಅಂಗಳದಲ್ಲಿ ಪಿಳ್ಳಮ್ಮ ಒಂದು ಗೂಡಿನ ಮುಂದೆ ಕಾಲು ಚಾಚಿ ಕೂತು ಉಳಿ ಇಟ್ಟಳು. ನಿನ್ನೆ ಸೀಳಿದ ಗೂಡು ಎದುರಿಗೇ ಬಿದ್ದಿತ್ತು. ಟಕ್. ಸಿಪ್ಪೆಯಷ್ಟು ಸಿಮೆಂಟು ಎಗರಿತು. ಟಕ್, ಟಕ್, ಟಕ್. ಅರ್ಧ ಗಂಟೆಯಲ್ಲಿ ಒಂದು ಮೊರದಗಲ ಜಾಗದ ತುಂಬ ಗುಳಿಗಳೆದ್ದವು. ಗೂಡಿಗೆ ಒಂದು ಕೂದಲಷ್ಟೂ ಬಿರುಕಿಲ್ಲ. ಶೈಲಶ್ರೀ ಮಂಡಿಯೂರಿ ಕಿರುಬೆರಳಿನ ಉಗುರನ್ನು ಒಂದೊಂದು ಗುಳಿಗೂ ಇಳಿಸಿ ನೋಡಿದಳು.

"ಇದೇ. ಸಕ್ಕರೆಯಿಂದಲೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಅಮ್ಮ. ಆದ್ರೆ ಇನ್ನೂ ಮೂವತ್ತೊಂಬತ್ತಿದೆ. ಎಂಟೇ ದಿನ. ಒಬ್ಬರ ಕೈಲಿ ಆಗುತ್ತಾ?"

"ಒಬ್ಳು ಅಂತ ಯಾರೇಳಿದ್ದು?" ಎಂದಳು ಶಿವಲಿಂಗಮ್ಮ.

ಮುದುಕಿ ವೆಂಕಟರಮಣಪ್ಪನವರ ಕಾರು ಹತ್ತಿ ಕೂತು ದಾಸರಹಳ್ಳಿ, ಬಾಗಲಗುಂಟೆ, ಹೆಸರಘಟ್ಟ ರಸ್ತೆಯನ್ನೆಲ್ಲ ಸುತ್ತಿಸಿದಳು. ಹಳೆಯ ಕುಟ್ಟುವವರು ಯಾರ ಯಾರ ಮನೆಯ ಮೂಲೆಯಲ್ಲಿದ್ದಾರೆಂದು ಅವಳಿಗೆ ಬಾಯಿಪಾಠ. ಒಬ್ಬಳು ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಒಬ್ಬಳು ಹೂ ಕಟ್ಟುತ್ತಿದ್ದಳು, ಗೌರಿ ಎಂಬುವಳು ಮಂಡಿನೋವೆಂದು ಮಲಗೇ ಇದ್ದಳು. "ಮಂಡಿ ನೋವಾದ್ರೆ ಕೈಗೇನಾಗೈತೆ?" ಎಂದು ಅವಳನ್ನೂ ಎಬ್ಬಿಸಿ ತಂದಳು. ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಅತ್ತೆ ಸೊಸೆಯರೂ ಸೇರಿ ಹನ್ನೊಂದು ಜನ ಹೆಂಗಸರು. ಅವರಲ್ಲಿ ಅರವತ್ತಕ್ಕಿಂತ ಕಡಿಮೆ ವಯಸ್ಸಿನವಳೆಂದರೆ ಐವತ್ತೆರಡರ ಪಿಳ್ಳಮ್ಮನೊಬ್ಬಳೇ.

ಪೀಣ್ಯದಲ್ಲಿ ಸದ್ದಿಗೆ ಬರವೇ? ಪವರ್ ಪ್ರೆಸ್ಸಿನ ಧಡ್ ಧಡ್, ಕಟಿಂಗ್ ಮಷೀನಿನ ಕಿರ್ ಸದ್ದು ದಿನವಿಡೀ ಇದ್ದದ್ದೇ. ಅದರ ನಡುವೆ ಹನ್ನೊಂದು ಉಳಿಗಳ ಟಕಟಕ ಶುರುವಾದಾಗ ಅಕ್ಕಪಕ್ಕದ ಶೆಡ್ಡುಗಳವರು ಟೀ ಲೋಟ ಹಿಡಿದುಕೊಂಡೇ ಗೇಟಿಗೆ ಬಂದು ನಿಂತರು. ಕಂಪ್ಯೂಟರಿನಲ್ಲಿ ಓಡುವ ಮಷೀನಿಟ್ಟುಕೊಂಡಿದ್ದವನೊಬ್ಬ, "ಇದನ್ನ ನಮ್ಮ ಮಷೀನಲ್ಲಿ ಎರಡು ದಿನಕ್ಕೆ ಮಾಡ್ಬೋದಿತ್ತು ಅಲ್ವಾ?" ಎಂದ.

"ಮೊನ್ನೆ ಒಂದು ಮಷೀನು ಮಾಡೈತೆ, ಅಲ್ ಬಿದ್ದದೆ ನೋಡಪ್ಪ," ಎಂದು ಗೌರಿ ಸೀಳಿದ ಗೂಡಿನ ಕಡೆ ಉಳಿ ತೋರಿಸಿದಳು. ಅವನು ಟೀ ಕುಡಿದು ಹೊರಟುಹೋದ.

ನಾಲ್ಕನೇ ದಿನ ಪಿಳ್ಳಮ್ಮನ ಮಣಿಕಟ್ಟು ಊದಿಕೊಂಡಿತು. ಬಟ್ಟೆ ಬಿಗಿದು ಕಟ್ಟಿಕೊಂಡಳು. ಆರನೇ ದಿನ ಇಬ್ಬರಿಗೆ ಸಿಮೆಂಟಿನ ದೂಳಿನಿಂದ ಕೆಮ್ಮು ಹತ್ತಿ, ಶೈಲಶ್ರೀ ಅವರನ್ನು ಬಲವಂತವಾಗಿ ಮನೆಗೆ ಕಳಿಸಿ, ಉಳಿದವರ ಮುಖಕ್ಕೆಲ್ಲ ಮಾಸ್ಕು ಹಾಕಿಸಿದಳು. ಒಂಬತ್ತು ಜನ ಉಳಿದರು, ಹದಿಮೂರು ಗೂಡು ಉಳಿದಿದ್ದವು. ಆಗುವುದಿಲ್ಲ ಎಂದು ಪಿಳ್ಳಮ್ಮನಿಗೆ ಮನಸ್ಸಿನಲ್ಲೇ ಗೊತ್ತಾಗುತ್ತಿತ್ತು. ಆದರೂ ಪ್ರತಿ ಗುಳಿ ಹಾಕುವಾಗಲೂ ಅವಳು ಒಳಗೊಳಗೇ ಒಂದು ಮಾತು ಹೇಳಿಕೊಳ್ಳುತ್ತಿದ್ದಳು: ಇಲ್ಲೊಂದು ಕೂತ್ಕಳ್ಳಿ, ಇಲ್ಲೊಂದು ಕೂತ್ಕಳ್ಳಿ. ಊಟದ ಹೊತ್ತನ್ನು ಅರ್ಧ ಮಾಡಿದರು. ವೆಂಕಟರಮಣಪ್ಪನವರೇ ಪಂಚೆ ಎತ್ತಿ ಕಟ್ಟಿ ಒಂದು ಉಳಿ ಹಿಡಿದು ಕೂತರು. ಎರಡೇ ಏಟಿಗೆ ಹೆಬ್ಬೆರಳು ಜಜ್ಜಿಕೊಂಡು, ಆಮೇಲೆ ಉಳಿ ಮಸೆದು ಕೊಡುವ ಕೆಲಸಕ್ಕೆ ನಿಂತರು. ಸಕ್ಕರೆ ನೀರು ಯಾಕೆಂದು ಕೇಳದೆ ಇದ್ದದ್ದಕ್ಕೆ ಅವರಿಗೆ ಅಷ್ಟಾದರೂ ಶಿಕ್ಷೆ ಆಗಬೇಕಿತ್ತು.

ಒಂಬತ್ತನೇ ದಿನ ಬೆಳಿಗ್ಗೆ ಎರಡು ಲಾರಿಗಳು ಬಂದು ನಿಂತಾಗ ಒಂದು ಗೂಡು ಬಾಕಿ. ಕ್ರೇನಿನವನು ಮೂವತ್ತೆಂಟನ್ನೂ ಏರಿಸಿ ಗಡಿಯಾರ ನೋಡಿದ. ಅದನ್ನು ಬಿಟ್ಟುಬಿಡಿ ಎಂದರು ಯಜಮಾನರು. ಪಿಳ್ಳಮ್ಮ ಎದ್ದು ನಿಂತು, "ಏರ್ಸಣ್ಣ, ಅದನ್ನೂ ಏರ್ಸು," ಎಂದಳು. ಗೂಡಿನ ಹಿಂದೆ ತಾನೂ ಲಾರಿ ಹತ್ತಿದಳು. ಕೆಳಗೆ ಹಗ್ಗ ಬಿಗಿಯುತ್ತಿದ್ದರು, ಡ್ರೈವರು ನಿಂಬೆಹಣ್ಣು ಕಟ್ಟುತ್ತಿದ್ದ, ಮೇಲೆ ಅವಳ ಉಳಿ ಆಡುತ್ತಲೇ ಇತ್ತು. ಲಾರಿ ಗೇಟು ದಾಟಿ, ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನವರೆಗೂ ಅವಳು ಕುಟ್ಟಿದಳು. ಕೆಂಪು ದೀಪದಲ್ಲಿ ಇಳಿದು, ಕೂದಲು, ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು ಫುಟ್‌ಪಾತಿನಲ್ಲಿ ನಿಂತು, ಲಾರಿ ಕಣ್ಮರೆಯಾಗುವವರೆಗೆ ನೋಡಿದಳು. ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತೂ ಹೋಗಿದ್ದವು. ಬಸ್ಸಿಗೆ ಕಾದಿದ್ದವರು ಇವಳ್ಯಾಕೆ ಒಬ್ಬಳೇ ನಗುತ್ತಿದ್ದಾಳೆ ಎಂದು ದೂರ ಸರಿದರು.

ಆಮೇಲೆ ಬೇಸಿಗೆ ಹೋಯಿತು, ಮಳೆ ಹೋಯಿತು. ಗೂಡುಗಳು ನೀರಿಗಿಳಿದವು, ಹುಣ್ಣಿಮೆಗೆ ತಾಯಿ ಹವಳಗಳು ಮೊಟ್ಟೆ ಬಿಟ್ಟವು ಎಂದು ಶೈಲಶ್ರೀ ಫೋನಿನಲ್ಲಿ ಹೇಳಿದ್ದಳು. ಮರಿ ಕೂತಿತೇ ಎಂದರೆ ಮಾತ್ರ, "ಇನ್ನೂ ಕಣ್ಣಿಗೆ ಕಾಣೋಷ್ಟು ಬೆಳೆದಿರಲ್ಲ ಅಮ್ಮ, ತಡೀರಿ," ಎನ್ನುತ್ತಿದ್ದಳು. ಪಿಳ್ಳಮ್ಮ ಬೆಂಚು ಉಜ್ಜುತ್ತಾ ತಡೆದಳು. ಆ ಬೆಂಚುಗಳು ಮೊದಲಿನಷ್ಟೇ ನಯವಾಗಿದ್ದವು, ಆದರೆ ಅವಳ ಮನಸ್ಸು ಅಲ್ಲಿರುತ್ತಿರಲಿಲ್ಲ.

ಹತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಶೈಲಶ್ರೀ ಹೇಳದೆ ಕೇಳದೆ ಬಂದಳು. ಮುಳುಗು ಹಾಕುವವರು ನೀರಿನಡಿಯಲ್ಲಿ ತೆಗೆದ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದಳು. ಸೊಸೆಗೆ ಊಟದ ಡಬ್ಬಿ ತಂದುಕೊಡುವ ನೆಪ ಅತ್ತೆಗೆ ಹೇಗಿದ್ದರೂ ಇತ್ತು. ಮರಿ ಸುದ್ದಿ ಬಂತೇ ಎಂದು ಕೇಳಲು ಶಿವಲಿಂಗಮ್ಮನೂ ಅಂದು ಅಲ್ಲೇ ಕೂತಿದ್ದಳು. ಮೊದಲ ಚಿತ್ರದಲ್ಲಿ ಹಸಿರು ನೀರು, ಪಾಚಿ ಹಿಡಿದ ಗೂಡು, ಕಿಂಡಿಯಿಂದ ಇಣುಕುವ ಹಳದಿ ಪಟ್ಟೆಯ ಮೀನು. ಎರಡನೆಯದು ತೀರ ಹತ್ತಿರದಿಂದ ತೆಗೆದದ್ದು. ಉಳಿ ಹಾಕಿದ ಗುಳಿಗಳು ಸಾಲಾಗಿ ಕಾಣುತ್ತಿದ್ದವು. ಒಂದು ಗುಳಿಯಲ್ಲಿ ತೊಗರಿಬೇಳೆಯಷ್ಟಗಲದ, ಕಂದು ಬಣ್ಣದ, ಹೂವಿನಂಥದ್ದೊಂದು ಗಟ್ಟಿಯಾಗಿ ಕೂತಿತ್ತು. ಪಕ್ಕದ ಗುಳಿಯಲ್ಲಿ ಇನ್ನೊಂದು. ಅದರ ಕೆಳಗೆ ಎರಡು.

"ಮೂವತ್ತೊಂಬತ್ತು ಗೂಡಲ್ಲೂ ಇದೆ ಅಮ್ಮ," ಎಂದಳು ಶೈಲಶ್ರೀ. "ಇಲ್ಲ ಅನ್ನೋ ಗೂಡು ಒಂದೂ ಇಲ್ಲ."

ಶಿವಲಿಂಗಮ್ಮ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ಗುಳಿಗಳನ್ನೇ ದಿಟ್ಟಿಸಿದಳು. ಕುಟ್ಟುವವರ ಕೈಬರಹ ಕುಟ್ಟುವವರಿಗೆ ಗೊತ್ತಾಗುತ್ತದೆ. "ಇದು ಗೌರಿದಲ್ಲ, ನಂದೂ ಅಲ್ಲ. ಗುಳಿ ಬಲಗಡೆಗೆ ವಾಲೈತೆ," ಎಂದು ಸೊಸೆಯ ಕಡೆ ನೋಡಿದಳು. "ನಿಂದೇ ಕಣೇ ಇದು."

ಪಿಳ್ಳಮ್ಮ ಚಿತ್ರವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವಳು ಸಮುದ್ರವನ್ನೇ ನೋಡಿದವಳಲ್ಲ. ಅವಳ ಕೈಯ ಗುಳಿಯೊಂದರಲ್ಲಿ, ಅಷ್ಟು ದೂರದ ನೀರಿನಡಿಯಲ್ಲಿ, ಒಂದು ಜೀವ ಮನೆ ಕಟ್ಟಲು ಶುರುಮಾಡಿತ್ತು. ಅವಳಿಗೆ ಸಂತೋಷ ತಡೆಯಲಾಗಲಿಲ್ಲ, ಗೊಳೋ ಎಂದು ಅತ್ತೇಬಿಟ್ಟಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, "ಎಷ್ಟ್ ದಿನ ಕೂತಿರ್ತದೆ ಮೇಡಂ ಇದು?" ಎಂದಳು.

"ನೂರಾರು ವರ್ಷ ಬೆಳೆಯುತ್ತೆ, ನಾವು ಬಿಟ್ರೆ. ನೀರು ಕಾಯದೆ ಇದ್ರೆ, ಬಲೆ ಎಳೆದು ಕೀಳದೆ ಇದ್ರೆ, ಕೊಳಕು ನೀರು ಸುರೀದೆ ಇದ್ರೆ."

"ಬಿಡ್ದೆ ಏನು? ಕಷ್ಟ ಬಿದ್ದು ಕೂರ್ಸಿರೋದು ನಾವು," ಎಂದು ಪಿಳ್ಳಮ್ಮ ಚಪ್ಪಲಿ ಮೆಟ್ಟಿದಳು.

ಉಜ್ಜುವ ಕಲ್ಲು ಅಲ್ಲೇ ಬಿದ್ದಿತ್ತು, ಅರ್ಧ ನಯವಾದ ಬೆಂಚು ಕಾಯುತ್ತಿತ್ತು. ಅವಳು ಚಿತ್ರ ಹಿಡಿದು ಆ ರಸ್ತೆಯ ಒಂದೊಂದು ಶೆಡ್ಡಿಗೂ ನುಗ್ಗಿದಳು. ಲೇತಿನವರಿಗೆ ತೋರಿಸಿದಳು, ಪೇಂಟಿನವರಿಗೆ ತೋರಿಸಿದಳು, ಕಂಪ್ಯೂಟರ್ ಮಷೀನಿನವನಿಗೆ ಎರಡು ಸಲ ತೋರಿಸಿದಳು. ಬಣ್ಣಬಣ್ಣದ ನೀರನ್ನು ಕದ್ದು ಮೋರಿಗೆ ಬಿಡುತ್ತಿದ್ದ ಒಂದು ಶೆಡ್ಡಿನಲ್ಲಿ ಕಾಲು ಗಂಟೆ ಜಾಸ್ತಿಯೇ ನಿಂತು, ಮೋರಿಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಅದರ ಮಾಲೀಕನ ಬಾಯಿಂದಲೇ ಹೇಳಿಸಿದಳು. ಎಲ್ಲ ಕಡೆಯೂ ಅವಳ ಮಾತು ಒಂದೇ ರೀತಿ ಶುರುವಾಗುತ್ತಿತ್ತು. "ಮೊದ್ಲು ನಾನೇ ಇದನ್ನ ಉಜ್ಜಿ ಕೆಡ್ಸಿದ್ದೆ ಕಣ್ರಪ್ಪ," ಎಂದು ಹೇಳಿ, ಆಮೇಲೆ ಚಿತ್ರ ಬಿಚ್ಚುತ್ತಿದ್ದಳು.